ಅಪ್‌ಡೇಟ್: ಜಪಾನಿನಲ್ಲಿ ಬಸಳೆ ಸಿಕ್ಕಿತು!

ಜಪಾನಿನಲ್ಲಿ ಬಸಳೆ ಸೊಪ್ಪನ್ನು ಅಂಗಡಿಯಲ್ಲಿ ಏನಂತ ಕೇಳಬೇಕು ಅಂತ ಹೋದ ವಾರ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು 'ತ್ಸುರುಮುರಾಸಾಕಿ' ಅನ್ನೋ ಹೆಸರು. ತ್ಸುರು ಅಂದ್ರೆ ಬಳ್ಳಿ, ಮುರಾಸಾಕಿ ಅಂದ್ರೆ ನೇರಳೆ. ಹಣ್ಣು ಹಿಸುಕಿದರೆ ಕೈಗೆ ಹತ್ತುವ ಬಣ್ಣ ನೆನಪಿದೆಯಲ್ವಾ, ಅದೇ. ಪ್ಯಾಕೆಟ್ ಮೇಲೆ ಕತಕಾನಾ ಲಿಪಿಯಲ್ಲಿ ಬರೆದಿತ್ತು. ಇಲ್ಲಿ ಇದು ಬೇಸಿಗೆಯ ಸೊಪ್ಪು, ಚಳಿಗಾಲದಲ್ಲಿ ಹುಡುಕಿದರೆ ಕಷ್ಟ.

'ಹೋರೆನ್‌ಸೋ' ಅಂತ ಕೇಳಿ ಅಂದಿದ್ದರು ಒಬ್ಬರು. ಅದು ಪಾಲಕ್. 'ಮೊರೊಹೇಯಾ' ಲೋಳೆಯೇನೋ ಹೌದು, ಆದರೆ ಅದು ಸೆಣಬಿನ ಜಾತಿಯ ಸೊಪ್ಪು. ಹುಳಿಗೆ ಹಾಕಿ ನೋಡಿದೆ, ಆ ರುಚಿ ಬರಲಿಲ್ಲ.

ಚೀನೀ ಅಂಗಡಿಗೂ ಹೋಗಿದ್ದೆ. ಅಲ್ಲಿ ಇದಕ್ಕೆ ಒಂದೇ ಹೆಸರಲ್ಲ! ಪುಸ್ತಕದ ಹೆಸರು 'ಲುವೊಖ್ವೇ'. ಮಾರುಕಟ್ಟೆಯಲ್ಲಿ 'ಮುಅರ್‌ತ್ಸಾಯ್' ಅಂತಾರೆ. ಮುಅರ್ ಅಂದ್ರೆ ಮರದ ಮೇಲೆ ಬೆಳೆಯುವ, ಕಿವಿಯಂತಿರುವ ಕಪ್ಪು ಅಣಬೆ. ಬಸಳೆ ಎಲೆಯೂ ಹಾಗೇ ದಪ್ಪ, ಜಾರುಜಾರು. ಕ್ಯಾಂಟನೀಸ್ ಮಾತಾಡುವವರು ಇನ್ನೇನೋ ಬೇರೆ ಹೆಸರು ಹೇಳಿದರು, ನನ್ನ ಬಾಯಿಗೆ ಅದು ಹತ್ತಲಿಲ್ಲ.

ಜಪಾನಿನವರು ಇದನ್ನು ಬಿಸಿನೀರಿನಲ್ಲಿ ಬಾಡಿಸಿ, ಸೋಯಾ ಸಾಸ್ ಹಾಕಿ ತಿನ್ನುತ್ತಾರೆ. ಚೆನ್ನಾಗೇ ಇತ್ತು. ನನಗೆ ಸಿಕ್ಕಿದ ಕಟ್ಟಿನಲ್ಲಿ ಮಾತ್ರ ಬರೀ ಎಳೆ ತುದಿಗಳು. ಗಸಿಗೆ ಬೇಕಾದ ದಪ್ಪ ದಂಟು ಇರಲಿಲ್ಲ. ಅದಕ್ಕೇ ಒಂದೆರಡು ದಂಟನ್ನು ಲೋಟದ ನೀರಿನಲ್ಲಿ ಇಟ್ಟಿದ್ದೆ. ಗಿಣ್ಣಿನ ಹತ್ತಿರ ಬಿಳಿ ಬೇರು ಬಂದಿದೆ, ಬಾಲ್ಕನಿಯ ಕುಂಡಕ್ಕೆ ನೆಡುತ್ತೇನೆ.