ಪದಚರ್ಚೆ: ‘ಡಿಫ್ರಾಗ್’ಗೆ ಕನ್ನಡದಲ್ಲಿ ಏನನ್ನೋಣ? ಮಾಡುವುದೋ, ಹಾಕುವುದೋ?

ಗೆಳೆಯರೇ,

ಒಂದು ಪದ ಕೇಳಲು ಬಂದಿದ್ದೇನೆ. ಹಾರ್ಡ್‌ಡಿಸ್ಕಿನಲ್ಲಿ ಅಲ್ಲಲ್ಲಿ ಚದುರಿಹೋದ ಕಡತಗಳ (ಫೈಲುಗಳ) ಭಾಗಗಳನ್ನು ಮತ್ತೆ ಒಂದೇ ಕಡೆ ತರುವ ಕೆಲಸಕ್ಕೆ ‘ಡಿಫ್ರಾಗ್’ ಅನ್ನುತ್ತಾರಲ್ಲ, ಅದಕ್ಕೆ. ಮಾತು ಸ್ವಲ್ಪ ಉದ್ದವಾಗಬಹುದು, ತಾಳ್ಮೆ ಇರಲಿ.

ನಮ್ಮ ಹೋಬಳಿಯ ಮೂರು ಪ್ರೌಢಶಾಲೆಗಳಿಗೆ ದಾನಿಗಳು ಹಳೆಯ ಕಂಪ್ಯೂಟರ್‌ಗಳನ್ನು ಕೊಟ್ಟಿದ್ದಾರೆ. ಒಂದೆರಡು ಬಿಟ್ಟರೆ ಎಲ್ಲದರಲ್ಲೂ ಗಿರ್ರೆಂದು ತಿರುಗುವ ಹಾರ್ಡ್‌ಡಿಸ್ಕೇ. ಅವನ್ನು ನೋಡಿಕೊಳ್ಳುವುದು ಹೇಗೆ ಅಂತ ಮೇಷ್ಟ್ರುಗಳಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕರಡಿನಲ್ಲಿ ಒಂದು ಕಡೆ, ಬಹಳ ಹೆಮ್ಮೆಯಿಂದಲೇ, ‘ಆಗಾಗ ಡಿಸ್ಕಿನ ವಿಖಂಡೀಕರಣ ಮಾಡಿ’ ಅಂತ ಬರೆದಿದ್ದೆ. ಎರಡು ದಿನ ಬಿಟ್ಟು ಒಬ್ಬ ಮೇಷ್ಟ್ರು ಫೋನ್ ಮಾಡಿದರು.

“ಸಾರ್, ಡಿಸ್ಕ್ ಒಡೆಯೋದು ಬೇಡ ಅನ್ಸುತ್ತೆ. ಮಕ್ಕಳ ಮಾರ್ಕ್ಸ್ ಎಲ್ಲ ಅದರಲ್ಲೇ ಇದೆ.”

ಅವರು ತಮಾಷೆ ಮಾಡುತ್ತಿರಲಿಲ್ಲ. ಮತ್ತೆ ಓದಿ ನೋಡಿದೆ. ಅವರು ಓದಿದ್ದೇ ಸರಿ, ನಾನು ಬರೆದದ್ದೇ ತಪ್ಪು.

ತಪ್ಪಿನ ಬೇರು ‘ವಿ’ಯಲ್ಲಿದೆ. ಈ ಒಂದಕ್ಷರ ಮೂರು ಕೆಲಸ ಮಾಡುತ್ತದೆ. ‘ವಿಯೋಗ’ದಲ್ಲಿ ಅದು ಯೋಗವನ್ನು ತಿರುಗಿಸಿ ಹಾಕುತ್ತದೆ. ‘ವಿಖ್ಯಾತ’ದಲ್ಲಿ ಖ್ಯಾತಿಯನ್ನು ಇನ್ನೂ ಜಾಸ್ತಿ ಮಾಡುತ್ತದೆ. ‘ವಿಭಜನೆ’, ‘ವಿದಳನ’ಗಳಲ್ಲಿ ಬೇರೆ ಬೇರೆ ಮಾಡುತ್ತದೆ. ನಾನು ಮೊದಲನೆಯ ‘ವಿ’ಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಆದರೆ ಖಂಡದ ಹಿಂದೆ ‘ವಿ’ ಬಂದರೆ ಓದುವವರಿಗೆ ಕಾಣುವುದು ಮೂರನೆಯದೇ, ಅಂದರೆ ಚೂರು ಚೂರು ಮಾಡುವುದು. ಹಿಂದಿಯಲ್ಲಿ ಪರಮಾಣು ಒಡೆಯುವುದಕ್ಕೇ ‘ವಿಖಂಡನ’ ಅನ್ನುತ್ತಾರೆ. ಕೂಡಿಸುವ ಕೆಲಸಕ್ಕೆ ಒಡೆಯುವ ಹೆಸರು ಕೊಟ್ಟುಬಿಟ್ಟಿದ್ದೆ.

‘ವಿಘಟನೆ’ಯ ಕಥೆಯೂ ಅಷ್ಟೇ. ವಿಜ್ಞಾನದ ಪಾಠದಲ್ಲಿ ಅದು ಸತ್ತ ಎಲೆ, ಸಗಣಿ ಕೊಳೆಯುವುದಕ್ಕೆ ಬರುವ ಮಾತು. ಡಿಸ್ಕ್ ಕೊಳೆಯುವುದು ಯಾರಿಗೂ ಬೇಡ. ‘ನಿಷ್ಖಂಡೀಕರಣ’ ಅಂತ ಒಬ್ಬ ಗೆಳೆಯ ಸೂಚಿಸಿದ. ಒಮ್ಮೆ ಜೋರಾಗಿ ಹೇಳಿ ನೋಡಿ, ಮುಂದೆ ನಾನೇನೂ ಹೇಳಬೇಕಿಲ್ಲ.

ಇಷ್ಟಾದ ಮೇಲೆ ಇನ್ನೊಂದು ಅನುಮಾನ ಬಂತು. ‘ಖಂಡ’, ‘ತುಂಡು’, ‘ಚೂರು’ ಅಂತ ಶುರು ಮಾಡಿದ್ದೇ ತಪ್ಪಿರಬಹುದಾ? ಡಿಸ್ಕಿನೊಳಗೆ ಏನಾಗುತ್ತದೆ ಅನ್ನುವುದನ್ನು ನೋಡಿ.

ಡಿಸ್ಕಿನ ಜಾಗವನ್ನು ಸಣ್ಣ ಸಣ್ಣ ಮನೆಗಳಾಗಿ ಹಂಚಿರುತ್ತಾರೆ. ವಿಂಡೋಸ್ ಕಡತಗಳನ್ನು ಇಡುವ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದೊಂದು ಮನೆ 4 ಕಿಲೋಬೈಟ್. ಮೇಷ್ಟ್ರು ಹಾಜರಿ ಪಟ್ಟಿಯ ಕಡತ ಉಳಿಸುತ್ತಾರೆ, ಅದು ಅಕ್ಕಪಕ್ಕದ ಹತ್ತು ಮನೆಯಲ್ಲಿ ಕೂರುತ್ತದೆ ಅನ್ನಿ. ಅದರ ಪಕ್ಕದಲ್ಲೇ ಶಾಲಾ ವಾರ್ಷಿಕೋತ್ಸವದ ಫೋಟೋಗಳು ಬಂದು ಕೂರುತ್ತವೆ. ಮುಂದಿನ ತಿಂಗಳು ಹಾಜರಿ ಪಟ್ಟಿ ಬೆಳೆಯಿತು. ಪಕ್ಕದಲ್ಲಿ ಜಾಗ ಇಲ್ಲ. ಉಳಿದ ಭಾಗ ಎಲ್ಲೋ ದೂರದಲ್ಲಿ, ಯಾವುದೋ ಕಡತ ಅಳಿಸಿ ಖಾಲಿಯಾದ ಮನೆಗೆ ಹೋಗುತ್ತದೆ. ಹೀಗೇ ವರ್ಷ ಕಳೆದರೆ ಒಂದೇ ಪಟ್ಟಿ ನಲವತ್ತು ಕಡೆ ಹರಡಿಕೊಂಡಿರುತ್ತದೆ.

ಗಮನಿಸಿ, ಕಡತ ಒಡೆದಿಲ್ಲ. ಒಂದಕ್ಷರವೂ ಹಾಳಾಗಿಲ್ಲ. ತೆರೆದರೆ ಪೂರ್ತಿ ಪಟ್ಟಿಯೇ ಕಾಣುತ್ತದೆ. ಅದು ಚದುರಿದೆ, ಅಷ್ಟೇ. ತೊಂದರೆ ಇರುವುದು ಅದನ್ನು ಹೆಕ್ಕಿ ತರುವವನಿಗೆ. ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಓದುವ ಹೆಡ್ಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯಬೇಕು, ಆಮೇಲೆ ಬೇಕಾದ ಜಾಗ ತಿರುಗಿ ತನ್ನ ಕೆಳಗೆ ಬರುವ ತನಕ ಕಾಯಬೇಕು. ಎರಡೂ ಸೇರಿ ಪ್ರತಿ ನೆಗೆತಕ್ಕೆ 12-13 ಮಿಲಿಸೆಕೆಂಡು ಅಂತ ಲೆಕ್ಕ ಹಿಡಿಯಿರಿ. ಸಾವಿರ ಕಡೆ ಚದುರಿದ ವಿಡಿಯೋ ಆದರೆ 12-13 ಸೆಕೆಂಡು ಬರೀ ಓಡಾಟಕ್ಕೇ ಹೋಯಿತು.

ಇದನ್ನು ಬರೆಯುವಾಗ ನನಗೆ ನಮ್ಮ ದೊಡ್ಡಪ್ಪನ ಹೊಲ ನೆನಪಾಯಿತು. ಮೂರು ಎಕರೆ ರಾಗಿ ಹೊಲ, ಇದ್ದದ್ದು ನಾಲ್ಕು ಕಡೆ. ಕೆರೆ ಹಿಂದೆ ಅರ್ಧ, ಗುಡ್ಡದ ಕೆಳಗೆ ಒಂದು, ಹೀಗೆ. “ಉಳೋದಕ್ಕಿಂತ ನೇಗಿಲು ಹೊತ್ಕೊಂಡು ತಿರುಗೋದೇ ಆಯ್ತು ಕಣೋ” ಅನ್ನುತ್ತಿದ್ದರು. ಇದಕ್ಕಿಂತ ಚೆನ್ನಾಗಿ ಹಾರ್ಡ್‌ಡಿಸ್ಕಿನ ಕಷ್ಟವನ್ನು ಯಾವ ಕೈಪಿಡಿಯೂ ಹೇಳಿಲ್ಲ.

ಹಾಗಾದರೆ ಜಮೀನಿನ ಮಾತನ್ನೇ ತಂದರೆ ಹೇಗೆ? ಈ ರೋಗಕ್ಕೆ ನಮ್ಮಲ್ಲಿ ಕಾನೂನೇ ಬಂದಿತ್ತು. ಹಿಡುವಳಿಗಳು ತುಂಡಾಗುವುದನ್ನು ತಡೆಯಲು, ತುಂಡಾದವನ್ನು ಒಟ್ಟುಗೂಡಿಸಲು 1966ರಲ್ಲಿ ಮಾಡಿದ್ದು. ಅರ್ಥಶಾಸ್ತ್ರದ ಪಾಠದಲ್ಲಿ ‘ಹಿಡುವಳಿಗಳ ಕ್ರೋಡೀಕರಣ’ ಅಂತ ಓದಿದ ನೆನಪು. ಆದರೆ ‘ಕ್ರೋಡೀಕರಣ’ ಈಗ ಪತ್ರಿಕೆಗಳ ಕೈಗೆ ಸಿಕ್ಕಿ ಹಣ ಎತ್ತುವ ಮಾತಾಗಿದೆ. ‘ಸಂಪನ್ಮೂಲ ಕ್ರೋಡೀಕರಣ’ ಅಂದರೆ ತೆರಿಗೆ ಏರುತ್ತದೆ ಅಂತಲೇ ಅರ್ಥ. ಅದನ್ನು ‘ಡ’ದಲ್ಲಿ ಬರೆಯಬೇಕೋ ‘ಢ’ದಲ್ಲಿ ಬರೆಯಬೇಕೋ ಅನ್ನುವ ಜಗಳ ಬೇರೆ. ಮೂಲದಲ್ಲಿ ‘ಡ’ವೇ. ‘ಕ್ರೋಡ’ ಅಂದರೆ ಎದೆ, ಮಡಿಲು. ಮಡಿಲಿಗೆ ತುಂಬಿಕೊಳ್ಳುವುದು ಅನ್ನುವ ಚಿತ್ರ ಚೆನ್ನಾಗಿದೆ, ಆದರೆ ಈಗ ಆ ಚಿತ್ರ ಯಾರಿಗೂ ಕಾಣುವುದಿಲ್ಲ.

ಹಿಂದಿಯವರು ಜಮೀನು ಒಂದುಗೂಡಿಸುವುದಕ್ಕೆ ‘ಚಕ್‌ಬಂದಿ’ ಅನ್ನುತ್ತಾರೆ. ಅದೇ ಮಾತು ನಮ್ಮಲ್ಲೂ ಇದೆ, ಆದರೆ ಅರ್ಥ ಬೇರೆ. ನಮ್ಮ ಕ್ರಯಪತ್ರದ ‘ಚಕ್ಕುಬಂದಿ’ ಅಂದರೆ ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ ಅಂತ ನಾಲ್ಕು ಎಲ್ಲೆ ಹೇಳುವುದು. ಒಂದೇ ಮಾತು ಎರಡು ಕಡೆ ಹೋಗಿ ಎರಡು ಕೆಲಸಕ್ಕೆ ನಿಂತಿದೆ. ಡಿಸ್ಕಿಗೆ ಇದನ್ನು ತಂದರೆ ನಮ್ಮವರು ಎಲ್ಲೆ ಗುರುತಿಸುವುದು ಅಂದುಕೊಳ್ಳುತ್ತಾರೆ, ಅಂದರೆ ಪಾರ್ಟಿಷನ್ ಮಾಡುವುದು, ಒಂದೇ ಡಿಸ್ಕನ್ನು ಬೇರೆ ಬೇರೆ ಭಾಗ ಮಾಡುವುದು. ಹಾಗೆ ತಿಳಿದು ಯಾರಾದರೂ ಪಾರ್ಟಿಷನ್ ಅಳಿಸಿಬಿಟ್ಟರೆ? ಬೇಡಪ್ಪ. ಆದರೆ ಪಾರ್ಟಿಷನ್‌ಗೇ ‘ಚಕ್ಕುಬಂದಿ’ ಎಷ್ಟು ಚೆನ್ನಾಗಿ ಕೂರುತ್ತದೆ ಅಲ್ವಾ? ಅದರ ಚರ್ಚೆ ಇನ್ನೊಂದು ದಿನ.

ಇನ್ನು ಮನೆಯ ಮಾತುಗಳು. ‘ಒತ್ತಟ್ಟಿಗೆ ಹಾಕು’ ಅಂದರೆ ಒಂದೇ ಕಡೆ ಸೇರಿಸು. ಆದರೆ ‘ಅದು ಒತ್ತಟ್ಟಿಗಿರಲಿ’ ಅಂದರೆ ಬದಿಗೆ ಸರಿಸು, ಬಿಟ್ಟುಬಿಡು. ‘ಒತ್ತರಿಸು’ ಅನ್ನುವುದೂ ಮನಸ್ಸಿಗೆ ಬಂತು, ಆದರೆ ಅದನ್ನು ಕೇಳಿದೊಡನೆ ಒತ್ತುವರಿ ನೆನಪಾಗುತ್ತದೆ. ‘ಒಗ್ಗೂಡಿಸು’ ಜನರಿಗೆ, ಸಂಘಟನೆಗಳಿಗೆ ಹೊಂದುವ ಮಾತು, ಕಡತಗಳನ್ನು ಒಗ್ಗೂಡಿಸಿದರೆ ಎರಡು ಕಡತ ಒಂದಾಗಿಬಿಟ್ಟವು ಅನ್ನಿಸುತ್ತದೆ. ‘ಬಿಡಿ’ಯನ್ನು ‘ಇಡಿ’ ಮಾಡುವುದು ನನಗೆ ತುಂಬ ಇಷ್ಟವಾದದ್ದು. ಕನ್ನಡದಲ್ಲಿ ಇಂಥ ಜೋಡಿ ಅಪರೂಪ. ಆದರೆ ‘ಬಿಡಿ ಕಡತ’ ಅಂದರೆ ಯಾರಿಗಾದರೂ ಬಿಡಿಭಾಗದ ಅಂಗಡಿ ನೆನಪಾದೀತು.

ಕೊನೆಗೆ ನಾನು ಬಂದು ನಿಂತದ್ದು ಇಲ್ಲಿ. ಆಗುವ ತೊಂದರೆಗೆ ‘ಚದುರಿಕೆ’. ಮಾಡುವ ಕೆಲಸಕ್ಕೆ ‘ಕೂಡಿಕೆ’. ‘ಈ ಡಿಸ್ಕಿನಲ್ಲಿ ಚದುರಿಕೆ 22 ಶೇಕಡಾ ಇದೆ, ಕೂಡಿಕೆ ಮಾಡಿ.’ ಮೇಷ್ಟ್ರಿಗೆ ಓದಿ ಹೇಳಿದೆ. “ಇದು ಅರ್ಥ ಆಯ್ತು. ಆದ್ರೆ ಕೂಡಿಕೆ ಅಂದ್ರೆ ನಮ್ ಕಡೆ ಎರಡನೇ ಮದುವೆ ಸಾರ್” ಅಂದರು. ಸರಿ, ಕೂಡಿಕೆಗೆ ಆ ನೆರಳು ಬಿದ್ದಿದೆ. ಈಗ ‘ಕಡತ ಜೋಡಣೆ’ ಅಂತ ಬದಲಿಸಿಟ್ಟಿದ್ದೇನೆ, ಮನಸ್ಸು ಪೂರ್ತಿ ಒಪ್ಪಿಲ್ಲ. ಜೋಡಣೆ ಅಂದರೆ ಕಂಪ್ಯೂಟರ್ ಬಿಚ್ಚಿ ಜೋಡಿಸುವುದೂ ಆಗುತ್ತದೆ.

ಅಂದ ಹಾಗೆ ‘ಕಡತ’ವೇ ಇಲ್ಲಿ ಸೊಗಸಾದ ಮಾತು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಸೇರಿಸಿ ಬಳಿದು, ಕಪ್ಪಗೆ ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕ ಅದು. ಶೃಂಗೇರಿ ಮಠದ ಕಡತಗಳು ಹೆಸರಾದವು. ಆ ಕಡತ ಒಂದೇ ಉದ್ದ ಬಟ್ಟೆ. ಅದಕ್ಕೆ ಚದುರುವುದು ಗೊತ್ತೇ ಇರಲಿಲ್ಲ.

ಈಗ ಬಳಕೆಯ ವಿಷಯ. ಇದೇ ನನ್ನ ನಿಜವಾದ ಪ್ರಶ್ನೆ. ರಿಪೇರಿ ಅಂಗಡಿಯಲ್ಲಿ ಯಾರೂ ‘ಡಿಫ್ರಾಗ್ಮೆಂಟೇಷನ್’ ಅನ್ನುವುದಿಲ್ಲ, ‘ಡಿಫ್ರಾಗ್’ ಅಷ್ಟೇ. ಅದಕ್ಕೆ ಮೂರು ಕ್ರಿಯಾಪದ ಕೇಳಿದ್ದೇನೆ. ‘ಡಿಫ್ರಾಗ್ ಮಾಡಿ.’ ‘ಒಂದ್ಸಲ ಡಿಫ್ರಾಗ್ ಹೊಡೀರಿ.’ ‘ರಾತ್ರಿ ಡಿಫ್ರಾಗ್ ಹಾಕಿ ಮಲ್ಕೊಳ್ಳಿ.’ ನನ್ನ ಕಿವಿಗೆ ಮೂರೂ ಬೇರೆ ಬೇರೆ. ‘ಮಾಡು’ ಬರವಣಿಗೆಯದು. ‘ಹೊಡಿ’ ಅಂದರೆ ಬೇಗ ಮುಗಿಯುವ ಕೆಲಸ, ಫಾರ್ಮ್ಯಾಟ್ ಹೊಡೆದ ಹಾಗೆ. ‘ಹಾಕು’ ಅಂದರೆ ಶುರು ಮಾಡಿ ಬಿಟ್ಟುಬಿಡುವುದು, ಅದರ ಪಾಡಿಗೆ ಅದು ನಡೆಯುತ್ತದೆ. ಮೋಟರ್ ಹಾಕು, ವಾಷಿಂಗ್ ಮಷೀನ್ ಹಾಕು ಅನ್ನುತ್ತೇವಲ್ಲ, ಹಾಗೆ. ಡಿಫ್ರಾಗ್ ನಿಜಕ್ಕೂ ಆ ಜಾತಿಯ ಕೆಲಸ. ವಿಂಡೋಸ್ 98ರ ಕಾಲದವರಿಗೆ ಇದು ಚೆನ್ನಾಗಿ ಗೊತ್ತು. ಪರದೆ ತುಂಬ ಬಣ್ಣದ ಚದರಗಳು, ಒಂದೊಂದೇ ಜಾಗ ಬದಲಿಸುತ್ತಾ ಇರುತ್ತಿದ್ದವು. ನಡುವೆ ಬೇರೆ ಪ್ರೋಗ್ರಾಮ್ ಡಿಸ್ಕಿಗೆ ಏನಾದರೂ ಬರೆದರೆ ಮತ್ತೆ ಮೊದಲಿನಿಂದ ಶುರು. ಅದಕ್ಕೇ ಎಲ್ಲ ಮುಚ್ಚಿ, ಹಾಕಿ, ಮಲಗುವುದು. ಹಾಗಾಗಿ ಕೈಪಿಡಿಯಲ್ಲೂ ‘ಡಿಫ್ರಾಗ್ ಹಾಕಿ’ ಅಂತಲೇ ಬರೆಯಬೇಕು ಅನ್ನಿಸುತ್ತಿದೆ. ಶಾಲೆಯ ಪುಸ್ತಕಕ್ಕೆ ತೀರಾ ಆಡುಮಾತಾಯಿತು ಅನ್ನುತ್ತೀರಾ?

ಇನ್ನೊಂದು ತೊಡಕಿದೆ. 2007ರ ಹೊತ್ತಿಗೆ ವಿಂಡೋಸ್ ವಿಸ್ಟಾದಲ್ಲಿ ಆ ಬಣ್ಣದ ಚಿತ್ರವನ್ನೇ ತೆಗೆದರು. ಬುಧವಾರ ರಾತ್ರಿ ಒಂದು ಗಂಟೆಗೆ ತಾನೇ ಓಡುವಂತೆ ಮಾಡಿದರು. 2012ರ ವಿಂಡೋಸ್ 8ರಲ್ಲಿ ಗುಂಡಿಯ ಹೆಸರೇ ಬದಲಾಗಿ ‘ಆಪ್ಟಿಮೈಸ್’ ಆಯಿತು. ಕಾರಣ ಇದೆ. ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಸಾಲಿಡ್ ಸ್ಟೇಟ್ ಡ್ರೈವ್‌ನಲ್ಲಿ, ತಿರುಗುವ ತಟ್ಟೆಯೂ ಇಲ್ಲ, ಓಡುವ ಹೆಡ್ಡೂ ಇಲ್ಲ. ಅಲ್ಲಿ ಕಡತ ಚದುರಿದ್ದರೂ ಹೆಚ್ಚು ತೊಂದರೆ ಇಲ್ಲ. ಕೂಡಿಸಲು ಹೋದರೆ ಸುಮ್ನೆ ಬರೆದು ಬರೆದು ಅದರ ಆಯುಸ್ಸು ಸವೆಸಿದ ಹಾಗೆ. ಆದ್ದರಿಂದ ಅದೇ ಗುಂಡಿ ಹಾರ್ಡ್‌ಡಿಸ್ಕಿಗೆ ಡಿಫ್ರಾಗ್ ಮಾಡುತ್ತದೆ, ಎಸ್‌ಎಸ್‌ಡಿಗೆ ‘ಟ್ರಿಮ್’ ಕಳಿಸುತ್ತದೆ, ಅಂದರೆ ಯಾವ ಜಾಗ ಖಾಲಿಯಾಗಿದೆ ಅಂತ ತಿಳಿಸುತ್ತದೆ. ಒಂದೇ ಗುಂಡಿ, ಎರಡು ಕೆಲಸ. ಇದಕ್ಕೆ ‘ಜೋಡಣೆ’ ಸಾಲದು. ‘ಓರಣ’ ಅಂದರೆ? ‘ಡಿಸ್ಕ್ ಓರಣ ಮಾಡಿ.’ ಎರಡಕ್ಕೂ ಸಲ್ಲುತ್ತದೆ, ಚಿಕ್ಕದಾಗಿದೆ, ಯಾರನ್ನೂ ಹೆದರಿಸುವುದಿಲ್ಲ. ಆದರೆ ಕಡತಗಳನ್ನು ಫೋಲ್ಡರ್‌ಗಳಲ್ಲಿ ಚೆಂದ ಮಾಡಿ ಇಡುವುದು ಅಂತ ತಿಳಿದಾರೇ ಅನ್ನುವ ಅಳುಕು.

ಪದ ಯಾವುದೇ ಇರಲಿ, ಕೈಪಿಡಿಯಲ್ಲಿ ಹೇಳಿರುವ ವಿಷಯ ಇಷ್ಟು. ತಪ್ಪಿದ್ದರೆ ಗೊತ್ತಿರುವವರು ತಿದ್ದಿ. ಮೊದಲು ಡಿಸ್ಕ್ ಯಾವ ಬಗೆಯದು ನೋಡಿ. ಅದೇ ಆಪ್ಟಿಮೈಸ್ ಕಿಟಕಿಯಲ್ಲಿ ಹಾರ್ಡ್‌ಡಿಸ್ಕೋ ಸಾಲಿಡ್ ಸ್ಟೇಟೋ ಅಂತ ಬರೆದಿರುತ್ತದೆ. ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ ಡಿಫ್ರಾಗ್ ಮುಟ್ಟಲೇಬೇಡಿ, ಮೊದಲು ಮಾರ್ಕ್ಸ್ ಪಟ್ಟಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಸಾಯುತ್ತಿರುವ ಡಿಸ್ಕಿಗೆ ರಾತ್ರಿಯಿಡೀ ಓಡಾಡಿಸುವ ಕೆಲಸ ಕೊಡಬಾರದು. ಬೇಡದ್ದನ್ನು ಅಳಿಸಿ 15 ಶೇಕಡಾದಷ್ಟಾದರೂ ಜಾಗ ಖಾಲಿ ಮಾಡಿ, ಕಡತ ಎತ್ತಿಟ್ಟುಕೊಳ್ಳಲು ಅಂಗಳ ಬೇಕಲ್ಲ. ಮೊದಲು ‘ಅನಲೈಸ್’ ಒತ್ತಿ. ಚದುರಿಕೆ ಕಡಿಮೆ ಇದ್ದರೆ ಅಲ್ಲಿಗೇ ಬಿಡಿ.

ಬೇರೆ ತಂತ್ರಾಂಶ ಬೇಕೇ? ಶಾಲೆಗೆ ವಿಂಡೋಸ್‌ನ ಜೊತೆಗೇ ಬರುವುದು ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದೇ ಕಡತವನ್ನು ಸರಿಮಾಡಬೇಕಿದ್ದರೆ ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಲಕರಣೆಗಳಲ್ಲಿ ‘ಕಾಂಟಿಗ್’ ಇದೆ, ಆದರೆ ಅದು ಕಪ್ಪು ಪರದೆಯಲ್ಲಿ ಟೈಪ್ ಮಾಡುವ ಜಾತಿಯದು. ‘ಡಿಫ್ರಾಗ್ಲರ್’ನಲ್ಲಿ ಬಣ್ಣದ ಚದರಗಳು ಈಗಲೂ ಕಾಣುತ್ತವೆ. ಪಾಠ ಮಾಡಲು ಅದು ಒಳ್ಳೆಯದು, ಮಕ್ಕಳಿಗೆ ಚದುರಿಕೆ ಕಣ್ಣಿಗೇ ಕಾಣುತ್ತದೆ. ಇಂಟರ್ನೆಟ್ ನೋಡುವಾಗ ತಾನಾಗೇ ಎದ್ದು ಬಂದು ‘ನಿಮ್ಮ ಕಂಪ್ಯೂಟರ್ ನಿಧಾನವಾಗಿದೆ’ ಅನ್ನುವ ಯಾವುದನ್ನೂ ಇಳಿಸಿಕೊಳ್ಳಬೇಡಿ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಲಿನಕ್ಸ್ ಇರುವ ಯಂತ್ರಗಳಿಗೆ ಈ ಅಧ್ಯಾಯವೇ ಇಲ್ಲ. ಅಲ್ಲಿ ಕಡತಗಳನ್ನು ಇಡುವ ಇಎಕ್ಸ್‌ಟಿ4 ಪದ್ಧತಿ ಮೊದಲೇ ಜಾಗ ನೋಡಿಕೊಂಡು ಬರೆಯುವುದರಿಂದ ಸಾಮಾನ್ಯವಾಗಿ ಅದರ ಅಗತ್ಯ ಬೀಳುವುದಿಲ್ಲ.

ಈಗ ನಿಮ್ಮನ್ನು ಕೇಳುವುದು ಎರಡು. ಹಾಸನ, ತುಮಕೂರಿನ ಕಡೆ ನನ್ನ ಕಿವಿ ಕೇಳಿದ್ದು ‘ಹಾಕು’. ಧಾರವಾಡ, ಕಲಬುರಗಿ, ಮಂಗಳೂರಿನ ಅಂಗಡಿಗಳಲ್ಲಿ ಡಿಫ್ರಾಗ್ ಜೊತೆ ಯಾವ ಕ್ರಿಯಾಪದ ಬರುತ್ತದೆ? ಮತ್ತೆ, ಉತ್ತರ ಕರ್ನಾಟಕದ ಮೇಷ್ಟ್ರು ‘ಕೂಡಿಕೆ’ ಅಂತ ಓದಿದರೆ ನಗುತ್ತಾರಾ, ಅಥವಾ ಆ ನೆರಳು ನಮ್ಮ ಕಡೆ ಮಾತ್ರವಾ?

ಕರಡು ಜೆರಾಕ್ಸ್ ಅಂಗಡಿಗೆ ಹೋಗುವುದು ಸೋಮವಾರ. ಅಲ್ಲಿಯ ತನಕ ಒಂಬತ್ತನೇ ಪುಟದ ತಲೆಬರಹದ ಜಾಗ ಖಾಲಿ ಬಿಟ್ಟಿರುತ್ತೇನೆ.