ಸಹಾಯ ಬೇಕು: ಮಕ್ಕಳಿಗೆ ಹೊಟ್ಟೆಗೆ ಟ್ಯೂಬ್ ಹಾಕಿಸಿದವರು ಇದ್ದೀರಾ?

ನಮಸ್ಕಾರ. ಮಗಳಿಗೆ 6 ವರ್ಷ, ತೀವ್ರ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ). ನುಂಗಲು ಆಗುವುದಿಲ್ಲ, ಮೂಗಿನ ಟ್ಯೂಬಿನಲ್ಲೇ ಊಟ. ರಾಗಿ ಸರಿಯನ್ನು ತೆಳ್ಳಗೆ ಸೋಸಿ, ತಲೆ ಎತ್ತರಿಸಿ ಕೂರಿಸಿ, ಸಿರಿಂಜಿನಲ್ಲಿ ನಿಧಾನವಾಗಿ ಬಿಡುತ್ತೇನೆ. ಆದರೂ ಸ್ವಲ್ಪ ಹೊತ್ತಿಗೇ ಮೈ ಬಿಲ್ಲಿನ ಹಾಗೆ ಸೆಟೆದು, ಹುಳಿ ವಾಂತಿ ಆಗುತ್ತದೆ. ಆಸಿಡ್ ಔಷಧಿ ಉರಿ ತಗ್ಗಿಸುತ್ತದೆ, ಊಟ ಮೇಲೆ ಬರುವುದನ್ನು ತಡೆಯುವುದಿಲ್ಲ ಅಲ್ವಾ. ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದರೆ ಅನ್ನುವುದೇ ಭಯ.

ಡಾಕ್ಟರು ಗ್ಯಾಸ್ಟ್ರೊಸ್ಟಮಿ (ಹೊಟ್ಟೆಯ ಮೇಲಿಂದ ನೇರವಾಗಿ ಜಠರಕ್ಕೆ ಟ್ಯೂಬ್ ಹಾಕುವುದು) ಜೊತೆಗೆ ಫಂಡೋಪ್ಲಿಕೇಶನ್ ಮಾಡಿಸಿ ಎಂದಿದ್ದಾರೆ. ಫಂಡೋಪ್ಲಿಕೇಶನ್ ಅಂದರೆ ಊಟ ಮೇಲೆ ಬರದ ಹಾಗೆ ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಸುತ್ತಿ ಹೊಲಿಯುವ ಆಪರೇಷನ್. ಇಂಥ ಮಗುವಿಗೆ ಅರಿವಳಿಕೆ ಸುಮ್ನೆ ಮಾತಲ್ಲ. ಎರಡನ್ನೂ ಒಟ್ಟಿಗೇ ಮಾಡಿಸಿದಿರಾ? ಆಮೇಲೆ ಓಕರಿಕೆ, ಹೊಟ್ಟೆ ಉಬ್ಬರ ಜಾಸ್ತಿ ಆಯಿತಾ? ಟ್ಯೂಬಿನ ಸುತ್ತ ಚರ್ಮ ಕೆಂಪಾದರೆ ಏನು ಮಾಡುತ್ತೀರಿ? ಜಠರ ಬಿಟ್ಟು ಸಣ್ಣ ಕರುಳಿಗೇ ಟ್ಯೂಬ್ ಇಳಿಸಿದವರೂ ದಯವಿಟ್ಟು ಬರೆಯಿರಿ.