ಅಪ್‌ಡೇಟ್: ಕುಲಾವಿಯ ನೆತ್ತಿ ಕೊನೆಗೂ ದುಂಡಗೆ ಬಂತು

ತಂಗಿಯ ಕೂಸಿಗೆ ಹೆಣೆಯುತ್ತಿದ್ದ ಉಲ್ಲನ್ ಕುಲಾವಿಯ ನೆತ್ತಿ ಚೂಪಾಗುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ತಪ್ಪು ಸಿಕ್ಕಿತು. ಕೊನೆಯವರೆಗೂ ಸುತ್ತು ಬಿಟ್ಟು ಸುತ್ತಿಗೇ ಕುಣಿಕೆ ಇಳಿಸುತ್ತಿದ್ದೆ, ಅಂದ್ರೆ ಕಡಿಮೆ ಮಾಡುತ್ತಿದ್ದೆ. ಅದಕ್ಕೇ ಮೊನೆ ಬರುತ್ತಿತ್ತು.

ಬಿಚ್ಚಿ ಮತ್ತೆ ಹೆಣೆದೆ. 72 ಕುಣಿಕೆಗಳನ್ನು 9ರಂತೆ 8 ಪಾಲು ಮಾಡಿದೆ. ಮೊದಲ ಸುತ್ತಿನಲ್ಲಿ ಪಾಲಿಗೆ 7 ಹೆಣೆದು, ಕೊನೆಯ 2 ಕೂಡಿಸಿ ಒಂದು ಮಾಡಿದೆ. ಅಂದ್ರೆ ಸುತ್ತಿಗೆ 8 ಕಡಿಮೆ. 40 ಉಳಿಯುವವರೆಗೆ ನಡುವೆ ಒಂದೊಂದು ಸಾದಾ ಸುತ್ತು, ಆಮೇಲೆ ಪ್ರತಿ ಸುತ್ತಿನಲ್ಲೂ ಇಳಿಸಿದೆ. ಉಳಿದ 8ರೊಳಗೆ ಸೂಜಿಯಿಂದ ದಾರ ಪೋಣಿಸಿ ಎಳೆದೆ. ತೂತು ಮುಚ್ಚಿಕೊಂಡು, ನೆತ್ತಿಯ ಮೇಲೆ 8 ಎಸಳಿನ ಹೂವೇ ಅರಳಿದ ಹಾಗಾಯ್ತು!

ಬೀದರಿನ ಡಿಸೆಂಬರ್ ಚಳಿ ಗೊತ್ತಲ್ವಾ. ಇವತ್ತು ಕೂಸು ಕುಲಾವಿ ಹಾಕ್ಕೊಂಡೇ ಅಂಗಳದ ಬಿಸಿಲಿಗೆ ಬಂತು. ಹೆಣೆದದ್ದನ್ನು ಬಿಚ್ಚೋಕೆ ಹೆದರಬೇಡ ಅಂದ ಅಕ್ಕನವರಿಗೆ ತುಂಬಾ ಥ್ಯಾಂಕ್ಸ್.